ವಶೀಲಿಗೆ ಬಗ್ಗದ ಬೀಗ

ನಮ್ಮಲ್ಲಿ ಯಾವ ಬಾಗಿಲು ಮುಚ್ಚಿದ್ದರೂ ಅದರಾಚೆಗೆ ಗೊತ್ತಿದ್ದವರು ಒಬ್ಬರಾದರೂ ಇದ್ದೇ ಇರುತ್ತಾರೆ. ತಾಲ್ಲೂಕು ಕಚೇರಿಯಲ್ಲಿ ಷಡ್ಡಕನ ಸ್ನೇಹಿತರು, ಬ್ಯಾಂಕಿನಲ್ಲಿ ಹೈಸ್ಕೂಲಿನ ಸಹಪಾಠಿ, ದೊಡ್ಡಾಸ್ಪತ್ರೆಯಲ್ಲಿ ನಮ್ಮೂರ ಕಡೆಯ ಸಿಸ್ಟರು. ಒಂದು ಫೋನ್ ಮಾಡಿಸಿದರೆ ಅರ್ಧ ಕೆಲಸ ಆದ ಹಾಗೆ. ಈ ರೂಢಿಯಲ್ಲೇ ಬೆಳೆದ ನಮಗೆ ಯಾರ ಮಾತಿಗೂ ತೆರೆಯದ ಬೀಗವನ್ನು ಕಲ್ಪಿಸಿಕೊಳ್ಳುವುದೇ ಕಷ್ಟ. ಆದರೆ ಅಂಥದೊಂದು ಬೀಗ ಇದೆ. ಲಿನಕ್ಸ್ ಹಾಕಿದ ಲ್ಯಾಪ್‌ಟಾಪಿನಲ್ಲಿ ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿಕೊಂಡವರೆಲ್ಲ ದಿನ ಬೆಳಗಾದರೆ ಅದರ ಮುಂದೆ ಕೂತು ಪಾಸ್‌ವರ್ಡ್ ಒತ್ತುತ್ತಾರೆ. ತೆರೆಯುವ ತನಕ ಅದರ ನೆನಪೂ ಇರುವುದಿಲ್ಲ. ತೆರೆಯದ ದಿನ ಗೊತ್ತಾಗುತ್ತದೆ, ಇಲ್ಲಿ ಷಡ್ಡಕನೂ ಇಲ್ಲ, ಸಹಪಾಠಿಯೂ ಇಲ್ಲ ಅಂತ.

ಹಾಗೆ ಏಳದೆ ಕೂತ ಯಂತ್ರಗಳ ಜೊತೆ ನನಗೆ ಹಳೆಯ ಸಹವಾಸ. ನೆಂಟರದು, ಸ್ನೇಹಿತರದು, ಸ್ನೇಹಿತರ ಮಕ್ಕಳದು ಅಂತ ಯಾರದಾದರೂ ಒಂದು ನನ್ನ ಮೇಜಿನ ಮೇಲೆ ಬಂದು ಕೂರುತ್ತಲೇ ಇರುತ್ತದೆ. ನೋಡಿ ನೋಡಿ ಗಟ್ಟಿಯಾದ ನಂಬಿಕೆ ಒಂದೇ: ಕೆಟ್ಟಿರುವುದು ಹೆಚ್ಚಾಗಿ ಒಳಗೆ ಹೋಗುವ ದಾರಿ, ಒಳಗಿನ ಸರಕಲ್ಲ. ಸರಕು ಹಾಳಾಗುವುದು ಆಮೇಲೆ, ಗಾಬರಿಯಲ್ಲಿ. ‘ಇನ್ನೇನೂ ಮಾಡಕ್ಕಾಗಲ್ಲ, ಫಾರ್ಮ್ಯಾಟ್ ಮಾಡಿಬಿಡೋಣ’ ಎಂಬ ಒಂದು ಮಾತಿನಿಂದ ಮದುವೆ ಫೋಟೊಗಳು, ವರ್ಷಗಟ್ಟಲೆ ಬರೆದ ಪ್ರಬಂಧಗಳು, ಅಂಗಡಿಯ ಲೆಕ್ಕಪತ್ರಗಳು ಹೋಗಿದ್ದನ್ನು ಕಂಡು ಹೊಟ್ಟೆ ಉರಿದಿದೆ. ಉಳಿಯಬಹುದಾಗಿದ್ದದ್ದು ಹೋಯಿತಲ್ಲ ಎಂಬ ಸಂಕಟ ಅದು.

ಇಷ್ಟೆಲ್ಲ ರಗಳೆ ಇರುವಾಗ ಡಿಸ್ಕಿಗೆ ಬೀಗ ಯಾಕೆ ಹಾಕಬೇಕು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಲಾಗಿನ್ ಪಾಸ್‌ವರ್ಡ್ ಇದೆಯಲ್ಲ, ಸಾಲದೆ? ಸಾಲದು. ಡಿಸ್ಕನ್ನು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಜೋಡಿಸಿದರೆ, ಅಥವಾ ಪೆನ್‌ಡ್ರೈವ್ ಚುಚ್ಚಿ ಬೇರೆ ಲಿನಕ್ಸ್ ಏಳಿಸಿದರೆ, ಲಾಗಿನ್ ಪಾಸ್‌ವರ್ಡ್ ಕೇಳುವವರೇ ಇಲ್ಲ. ಕಡತಗಳೆಲ್ಲ ಓದಲು ಸಿಗುತ್ತವೆ. ಬಸ್ಸಿನ ಸೀಟಿನ ಮೇಲೆ ಮರೆತ ಬ್ಯಾಗು ಯಾರ ಕೈ ಸೇರುತ್ತದೋ ಹೇಳುವವರು ಯಾರು? ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹಳೆಯ ಕಂಪ್ಯೂಟರು, ಹಳೆಯ ಡಿಸ್ಕು ಕೈಯಿಂದ ಕೈಗೆ ಹೋಗುತ್ತಿರುತ್ತವೆ. ಡಿಲೀಟ್ ಒತ್ತಿದ ಮಾತ್ರಕ್ಕೆ ಡಿಸ್ಕಿನಿಂದ ಅಕ್ಷರ ಅಳಿಸಿಹೋಗುವುದಿಲ್ಲ. ಲ್ಯಾಪ್‌ಟಾಪಿಗೆ ಒಂದು ಬೆಲೆ ಇದೆ. ಅದರೊಳಗಿನ ಆಧಾರ್ ಪ್ರತಿ, ಪಾಸ್‌ಬುಕ್ಕಿನ ಪುಟ, ವೈದ್ಯರಾದರೆ ರೋಗಿಗಳ ವರದಿ, ವಕೀಲರಾದರೆ ಕಕ್ಷಿದಾರರ ಕಾಗದ, ಇವಕ್ಕೆ ಬೆಲೆ ಕಟ್ಟಲಾಗದು. ಅದರಲ್ಲೂ ಬೇರೆಯವರು ನಮ್ಮನ್ನು ನಂಬಿ ಕೊಟ್ಟದ್ದು ಇದ್ದರೆ ಬೀಗ ಹಾಕುವುದು ಕರ್ತವ್ಯವೇ ಆಗುತ್ತದೆ.

ಲಿನಕ್ಸಿನಲ್ಲಿ ಈ ಬೀಗದ ಹೆಸರು ಲಕ್ಸ್. ಡಿಸ್ಕಿಗೆ ಬರೆಯುವುದನ್ನೆಲ್ಲ ಗೂಢವಾಗಿಸಿ, ಓದುವಾಗ ಬಿಡಿಸಿಕೊಡುವುದು ಲಿನಕ್ಸಿನ ತಿರುಳಾದ ಕರ್ನಲ್‌ನೊಳಗಿನ ಡಿಎಂ-ಕ್ರಿಪ್ಟ್ ಎಂಬ ಭಾಗ. ಅದು 2004ರಲ್ಲಿ ಕರ್ನಲ್ 2.6.4ರ ಜೊತೆ ಬಂತು. ಅದರ ಮೇಲೆ ಕೀಲಿಗಳ ಅಚ್ಚುಕಟ್ಟಾದ ವ್ಯವಸ್ಥೆಯನ್ನು ಕಟ್ಟಿಕೊಟ್ಟವರು ಕ್ಲೆಮೆನ್ಸ್ ಫ್ರುವಿರ್ತ್. ಒಳಗೆ ದುಡಿಯುವ ಗೂಢಲಿಪಿ ಸಾಮಾನ್ಯವಾಗಿ ಎಇಎಸ್; ಬೆಲ್ಜಿಯಂನ ಯೋನ್ ಡಾಮೆನ್ ಮತ್ತು ವಿನ್ಸೆಂಟ್ ರೈಮೆನ್ ರೂಪಿಸಿದ್ದನ್ನು ಅಮೆರಿಕದ ಮಾನಕ ಸಂಸ್ಥೆ 2001ರಲ್ಲಿ ಅಂಗೀಕರಿಸಿತು. ಇದರಲ್ಲಿ ನನಗೆ ಬಹಳ ಹಿಡಿಸುವ ಸಂಗತಿ, ಎಲ್ಲವೂ ಬಹಿರಂಗವಾಗಿದೆ ಎನ್ನುವುದು. ಬೀಗ ಹೇಗೆ ಕೆಲಸ ಮಾಡುತ್ತದೆ ಎಂದು ಯಾರು ಬೇಕಾದರೂ ಓದಬಹುದು, ತಪ್ಪಿದ್ದರೆ ತೋರಿಸಬಹುದು. ಗುಟ್ಟಾಗಿರುವುದು ಕೀಲಿ ಒಂದೇ.

ಆ ಕೀಲಿಯ ಕಥೆ ಇನ್ನೂ ಸೊಗಸಾಗಿದೆ. ನಾವು ಒತ್ತುವ ಪಾಸ್‌ವರ್ಡಿನಿಂದ ಡಿಸ್ಕ್ ಗೂಢವಾಗಿರುವುದಿಲ್ಲ. ಡಿಸ್ಕಿನ ನಿಜವಾದ ಕೀಲಿಯನ್ನು ಯಂತ್ರ ಮೊದಲ ದಿನವೇ ತಾನೇ ಹುಟ್ಟಿಸಿಕೊಂಡಿರುತ್ತದೆ. ಅದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಪಾರ್ಟಿಶನ್ನಿನ ತಲೆಯಲ್ಲಿ ಹೆಡರ್ ಎಂಬ ಪುಟ್ಟ ಜಾಗವಿದೆ. ಅಲ್ಲಿ ಆ ಮೂಲ ಕೀಲಿಯ ಪ್ರತಿಗಳು ಬೇರೆಬೇರೆ ಪಾಸ್‌ವರ್ಡುಗಳ ಕೆಳಗೆ ಬಚ್ಚಿಟ್ಟುಕೊಂಡಿರುತ್ತವೆ. ಲಕ್ಸ್‌ನ ಮೊದಲ ಆವೃತ್ತಿಯಲ್ಲಿ ಇಂಥ 8 ಸ್ಥಾನ. ಎರಡನೆಯದರಲ್ಲಿ 32ರವರೆಗೂ ಆಗಬಹುದು. ಆದ್ದರಿಂದಲೇ ಪಾಸ್‌ವರ್ಡ್ ಬದಲಾಯಿಸಿದರೆ ಇಡೀ ಡಿಸ್ಕನ್ನು ಮತ್ತೆ ಬರೆಯಬೇಕಾಗಿಲ್ಲ, ಕ್ಷಣದಲ್ಲಿ ಮುಗಿಯುತ್ತದೆ. ಎಂಟರ್ ಒತ್ತಿದ ಮೇಲೆ ಎರಡು ಸೆಕೆಂಡು ತಡೆಯುತ್ತದಲ್ಲ, ಅದೂ ಬೇಕೆಂದೇ ಮಾಡಿದ್ದು. 2015ರ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆಯಲ್ಲಿ ಗೆದ್ದ ಆರ್ಗಾನ್2 ಎಂಬ ವಿಧಾನ ಆ ಹೊತ್ತಿನಲ್ಲಿ ಒಂದು ಜಿಬಿಯವರೆಗೆ ಮೆಮೊರಿ ತಗೊಂಡು ಲೆಕ್ಕ ಹಾಕುತ್ತದೆ. ನಮಗೆ ಎರಡು ಸೆಕೆಂಡು ಏನೂ ಅಲ್ಲ. ಕೋಟಿಗಟ್ಟಲೆ ಪಾಸ್‌ವರ್ಡ್ ಊಹಿಸಿ ನೋಡಲು ಹೊರಟವನಿಗೆ ಆಯುಷ್ಯವೇ ಸಾಲದು.

ಈಗ ಅಸಲು ತೊಡಕಿಗೆ ಬರೋಣ. ಲಿನಕ್ಸ್ ಇರುವುದು ಬೀಗ ಹಾಕಿದ ಪಾರ್ಟಿಶನ್ನಿನ ಒಳಗೆ. ಬೀಗ ತೆಗೆಯುವ ಸಾಧನವೂ ಲಿನಕ್ಸಿನದೇ, ಅಂದರೆ ಅದೂ ಒಳಗೇ. ಹಾಗಾದರೆ ತೆಗೆಯುವುದು ಹೇಗೆ? ಅದಕ್ಕೇ ಬೀಗ ಹಾಕಿದ ಮನೆಯ ಹೊರಗೆ ಒಂದು ಜಗುಲಿ ಬಿಟ್ಟಿರುತ್ತಾರೆ. ಬೂಟ್ ಎಂಬ ಸಣ್ಣ ಪಾರ್ಟಿಶನ್ನೇ ಆ ಜಗುಲಿ. ಸಾಮಾನ್ಯವಾಗಿ ಅದಕ್ಕೆ ಬೀಗವಿಲ್ಲ. ಅಲ್ಲಿ ಕರ್ನಲ್ ಇರುತ್ತದೆ, ಅದರ ಪಕ್ಕದಲ್ಲೇ ಇನಿಟ್‌ರಾಮ್‌ಎಫ್‌ಎಸ್ ಎಂಬ ಗಂಟೂ ಇರುತ್ತದೆ. ಗಂಟಿನೊಳಗೆ ಡಿಸ್ಕನ್ನು ಗುರುತಿಸುವ ಡ್ರೈವರು, ಕೀಬೋರ್ಡಿನ ಡ್ರೈವರು, ಗೂಢಲಿಪಿಯ ಮಾಡ್ಯೂಲು, ಕ್ರಿಪ್ಟ್‌ಸೆಟಪ್ ಎಂಬ ಸಾಧನ, ಯಾವ ಪಾರ್ಟಿಶನ್ ತೆರೆಯಬೇಕು ಎಂಬ ಒಂದು ಚೀಟಿ. ಇವಿಷ್ಟೂ ಮೆಮೊರಿಗೆ ಇಳಿದು, ಪಾಸ್‌ವರ್ಡ್ ಕೇಳಿ, ಬಾಗಿಲು ತೆಗೆದು, ನಿಜವಾದ ಲಿನಕ್ಸಿಗೆ ಯಜಮಾನಿಕೆ ಒಪ್ಪಿಸಿ ತೆರೆಮರೆಗೆ ಸರಿಯುತ್ತವೆ. ಡೆಬಿಯನ್‌ನಲ್ಲಿ ಗಂಟು ಕಟ್ಟುವುದು ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್, ಫೆಡೋರಾದಲ್ಲಿ ಡ್ರೇಕಟ್, ಆರ್ಚ್‌ನಲ್ಲಿ ಎಂಕೆಇನಿಟ್‌ಸಿಪಿಐಒ. ಹೆಸರು ಬೇರೆ, ಕೆಲಸ ಒಂದೇ.

ಜಗುಲಿ ಕೆಟ್ಟರೆ ಮನೆ ಬಿದ್ದ ಹಾಗಲ್ಲ. ಈ ಒಂದು ಮಾತು ಮನಸ್ಸಿನಲ್ಲಿ ಕೂತರೆ ಮುಕ್ಕಾಲು ಗಾಬರಿ ಇಳಿಯುತ್ತದೆ. ಆಮೇಲೆ ಕೇಳಬೇಕಾದ್ದು ‘ಎಲ್ಲಿಯವರೆಗೆ ಬಂದು ನಿಂತಿದೆ’ ಎಂಬ ಪ್ರಶ್ನೆ. ಮೊದಲು ಯಂತ್ರದ ಫರ್ಮ್‌ವೇರ್, ಆಮೇಲೆ ಕರ್ನಲ್ಲನ್ನು ಎಬ್ಬಿಸುವ ಗ್ರಬ್, ಆಮೇಲೆ ಕರ್ನಲ್, ಆಮೇಲೆ ಇನಿಟ್‌ರಾಮ್‌ಎಫ್‌ಎಸ್, ಪಾಸ್‌ವರ್ಡ್, ಕೊನೆಗೆ ರೂಟ್ ಪಾರ್ಟಿಶನ್. ಬೂಟ್ ಮಾಡಲು ಏನೂ ಸಿಗಲಿಲ್ಲ ಎಂದರೆ ತೊಂದರೆ ಫರ್ಮ್‌ವೇರ್ ಮಟ್ಟದ್ದು. ‘ಗ್ರಬ್ ರೆಸ್ಕ್ಯೂ’ ಎಂದು ನಿಂತಿದ್ದರೆ ಗ್ರಬ್‌ಗೆ ತನ್ನ ಕಡತಗಳು ಸಿಕ್ಕಿಲ್ಲ. ಪಾಸ್‌ವರ್ಡ್ ಕೇಳಿ ಬೇಡ ಅಂದಿತೋ, ಕೇಳಲೇ ಇಲ್ಲವೋ ಎಂಬುದಂತೂ ಬಹಳ ದೊಡ್ಡ ಸುಳಿವು. ಡಾಕ್ಟರರು ರೋಗಿಯನ್ನು ಮುಟ್ಟುವ ಮುಂಚೆ ಮಾತಾಡಿಸುತ್ತಾರೆ. ನಾನು ಪರದೆಯ ಕೊನೆಯ ಸಾಲನ್ನು ಓದಿಸುತ್ತೇನೆ.

ನನ್ನ ಅಕ್ಕನ ಮಗಳು ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಪಿಎಚ್‌.ಡಿ. ಮಾಡುತ್ತಿದ್ದಳು. ಹಳ್ಳಿ ಹಳ್ಳಿ ತಿರುಗಿ, ಮನೆಯೊಳಗಿನ ಹಿಂಸೆಯ ಬಗ್ಗೆ ಹೆಂಗಸರು ಹೇಳಿಕೊಂಡದ್ದನ್ನು ಧ್ವನಿಮುದ್ರಿಸಿಕೊಂಡಿದ್ದಳು. ‘ನಿಮ್ಮ ಹೆಸರು ಹೊರಗೆ ಬರಲ್ಲ’ ಎಂದು ಪ್ರತಿಯೊಬ್ಬರಿಗೂ ಮಾತು ಕೊಟ್ಟಿದ್ದಳು. ಅದಕ್ಕೇ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿಕೊಂಡಿದ್ದಳು. ಒಂದು ಸಂಜೆ ಫೋನು ಬಂತು.

“ಮಾವಾ, ಲ್ಯಾಪ್‌ಟಾಪ್ ಏಳ್ತಾನೇ ಇಲ್ಲ. ರಿಪೇರಿ ಅಂಗಡಿಯವರು ಡಿಸ್ಕ್ ಹೋಗಿದೆ, ಫಾರ್ಮ್ಯಾಟ್ ಮಾಡ್ಬೇಕು ಅಂತಿದಾರೆ.”

“ಮಾಡಿಸ್ಬೇಡ, ವಾಪಸ್ ತಗೊಂಡ್ ಬಾ. ಮೊದ್ಲು ಪರದೆ ಮೇಲೆ ಕೊನೇಲಿ ಏನಿದೆ ಓದು.”

“ಕರ್ನಲ್ ಪ್ಯಾನಿಕ್, ನಾಟ್ ಸಿಂಕಿಂಗ್. ವಿಎಫ್‌ಎಸ್, ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್ ಬ್ಲಾಕ್, ಬ್ರ್ಯಾಕೆಟ್ಟಲ್ಲಿ ಸೊನ್ನೆ ಕಾಮಾ ಸೊನ್ನೆ. ಕ್ಯಾಪ್ಸ್ ಲಾಕ್ ದೀಪ ಬೇರೆ ಮಿಣುಕ್ತಾ ಇದೆ ಮಾವ.”

“ಅದಕ್ಕೆ ಮುಂಚೆ ಪಾಸ್‌ವರ್ಡ್ ಕೇಳ್ತಾ?”

“ಇಲ್ಲ. ಕೇಳ್ಲೇ ಇಲ್ಲ.”

ಅವಳ ಧ್ವನಿ ನಡುಗುತ್ತಿತ್ತು, ನನಗೆ ಮಾತ್ರ ಆ ಎರಡು ಸೊನ್ನೆ ಕೇಳಿಯೇ ಸಮಾಧಾನವಾಯಿತು. ಕರ್ನಲ್ ಎದ್ದಿದೆ, ಆದರೆ ಅದರ ಕೈಗೆ ಯಾವ ಡಿಸ್ಕೂ ಸಿಕ್ಕಿಲ್ಲ, ಪಾಸ್‌ವರ್ಡನ್ನೂ ಕೇಳಿಲ್ಲ. ಅಂದರೆ ಕೇಳಬೇಕಾಗಿದ್ದ ಇನಿಟ್‌ರಾಮ್‌ಎಫ್‌ಎಸ್ ಜಗುಲಿಯಲ್ಲಿ ಇಲ್ಲವೇ ಇಲ್ಲ. ಹಿಂದಿನ ದಿನ ಅಪ್‌ಡೇಟ್ ಹಾಕಿದ್ದೆ ಎಂದಳು. ಹೊಸ ಕರ್ನಲ್ ಬಂದಿದೆ, ಅದರ ಜೊತೆಗಿರಬೇಕಾದ ಗಂಟು ಕಟ್ಟಿಲ್ಲ. ಹಳೆಯ ಕರ್ನಲ್ಲಿಗೆ ಅದರದೇ ಹಳೆಯ ಗಂಟು ಇರಬೇಕಲ್ಲ? ಯಂತ್ರ ಆಫ್ ಮಾಡಿ ಆನ್ ಮಾಡಿಸಿದೆ, ಕಂಪನಿಯ ಹೆಸರು ಕಾಣುತ್ತಿದ್ದ ಹಾಗೆ ಎಸ್ಕೇಪ್ ಒತ್ತಿಸಿದೆ. ಗ್ರಬ್ ಪಟ್ಟಿಯಲ್ಲಿ ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಒಳಗೆ ಹೋಗಿ ಹಿಂದಿನ ಕರ್ನಲ್ ಆರಿಸು ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ “ಕೇಳ್ತು ಮಾವ, ಪಾಸ್‌ವರ್ಡ್ ಕೇಳ್ತು” ಎಂದು ಕಿರುಚಿದಳು. ಹಾಸ್ಟೆಲಿನ ಪಕ್ಕದ ಕೋಣೆಯವರು ಏನಾಯಿತೋ ಎಂದು ಓಡಿ ಬಂದದ್ದು ಫೋನಿನಲ್ಲೇ ಕೇಳಿಸಿತು. ಅಷ್ಟೂ ಹೆಂಗಸರ ಮಾತು ಇಟ್ಟಲ್ಲೇ ಇತ್ತು.

ಎದ್ದ ಮೇಲೆ ಡಿಸ್ಕಿನಲ್ಲಿ ಎಲ್ಲೆಲ್ಲಿ ಎಷ್ಟು ಜಾಗ ಇದೆ ಎಂದು ನೋಡಿಸಿದರೆ ಬೂಟ್ ಪಾರ್ಟಿಶನ್ ನೂರಕ್ಕೆ ನೂರು ತುಂಬಿ ಕೂತಿದೆ. ಎನ್‌ಕ್ರಿಪ್ಟ್ ಮಾಡಿಕೊಂಡವರನ್ನು ಮತ್ತೆ ಮತ್ತೆ ಕಾಡುವ ಕಾಯಿಲೆ ಇದು. ಹಳೆಯ ಇನ್‌ಸ್ಟಾಲರುಗಳು ಬೂಟ್‌ಗೆ ಕೆಲವೇ ನೂರು ಎಂಬಿ ಕೊಟ್ಟಿರುತ್ತವೆ. ಪ್ರತಿ ಅಪ್‌ಡೇಟಿಗೂ ಒಂದು ಹೊಸ ಕರ್ನಲ್, ಅದಕ್ಕೊಂದು ಗಂಟು. ಗ್ರಾಫಿಕ್ಸಿನ ಫರ್ಮ್‌ವೇರ್ ಎಲ್ಲ ಸೇರಿ ಗಂಟೂ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿದೆ. ಹಳೆಯ ಕರ್ನಲ್ಲುಗಳನ್ನು ತೆಗೆಯದಿದ್ದರೆ ಒಂದು ದಿನ ಹೊಸ ಗಂಟು ಕಟ್ಟಲು ಜಾಗವಿಲ್ಲದೆ ಅಪ್‌ಡೇಟ್ ಅರ್ಧಕ್ಕೆ ನಿಲ್ಲುತ್ತದೆ. ಎಪಿಟಿಯ ಆಟೋರಿಮೂವ್‌ನಿಂದ ಹಳೆಯದನ್ನು ತೆಗೆಸಿ, ಅರ್ಧಕ್ಕೆ ನಿಂತದ್ದನ್ನು ಪೂರ್ತಿ ಮಾಡಿಸಿ, ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಓಡಿಸಿದ್ದಷ್ಟೇ ಚಿಕಿತ್ಸೆ. ಬಳಕೆಯಲ್ಲಿರುವ ಕರ್ನಲ್ಲಿನ ಜೊತೆಗೆ ಅದಕ್ಕೆ ಹಿಂದಿನದೊಂದನ್ನು ಯಾವಾಗಲೂ ಉಳಿಸಿಕೊಳ್ಳಬೇಕು. ಅವಳನ್ನು ಕಾಪಾಡಿದ್ದು ಆ ಹಿಂದಿನದೇ.

ಎಲ್ಲ ಸಲವೂ ಇಷ್ಟು ಸಲೀಸಲ್ಲ. ಕೆಲವು ಸಲ ಗಂಟು ಇರುತ್ತದೆ, ಒಳಗೆ ಸಾಧನ ಇರುವುದಿಲ್ಲ. ಆಗ ಪರದೆಯ ಮೇಲೆ ಇಂಥ ಡಿವೈಸ್ ‘ಡಸ್ ನಾಟ್ ಎಕ್ಸಿಸ್ಟ್, ಡ್ರಾಪಿಂಗ್ ಟು ಎ ಶೆಲ್’ ಎಂದು ಬಂದು, ಇನಿಟ್‌ರಾಮ್‌ಎಫ್‌ಎಸ್ ಎಂಬ ಸೂಚಕದ ಮುಂದೆ ಕರ್ಸರ್ ಮಿನುಗುತ್ತಾ ನಿಂತಿರುತ್ತದೆ. ಡಿಸ್ಕ್ ಇಲ್ಲ ಎಂದು ಅದರ ಅರ್ಥವಲ್ಲ. ತೆರೆದ ಬಾಗಿಲು ಸಿಗಲಿಲ್ಲ ಎಂದು ಅರ್ಥ. ಆಗ ಲೈವ್ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ಕ್ರಿಪ್ಟ್‌ಸೆಟಪ್‌ನಿಂದ ಪಾರ್ಟಿಶನ್ ತೆರೆಯಬೇಕು. ಪಾಸ್‌ವರ್ಡ್ ಒಪ್ಪಿ ತೆರೆದುಕೊಂಡಿತೋ, ಬೇರೆ ಎಲ್ಲದಕ್ಕೂ ಮುಂಚೆ ಮುಖ್ಯವಾದ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ರಿಪೇರಿ ಆಮೇಲೆ. ಎಲ್‌ವಿಎಂ ಇದ್ದರೆ ಅದನ್ನು ಎಚ್ಚರಿಸಿ, ರೂಟನ್ನು ಮೌಂಟ್ ಮಾಡಿ, ಅದರೊಳಗೆ ಬೂಟ್ ಮತ್ತು ಇಎಫ್‌ಐ ಪಾರ್ಟಿಶನ್ನುಗಳನ್ನು ಮೌಂಟ್ ಮಾಡಿ, ಸಿಎಚ್‌ರೂಟ್‌ನಿಂದ ಒಳಹೊಕ್ಕು ಗಂಟನ್ನು ಹೊಸದಾಗಿ ಕಟ್ಟಬೇಕು. ಇಲ್ಲೊಂದು ಸೂಕ್ಷ್ಮ: ಪಾರ್ಟಿಶನ್ ತೆರೆಯುವಾಗ ಅದಕ್ಕೊಂದು ಹೆಸರು ಕೊಡುತ್ತೇವಲ್ಲ, ಆ ಹೆಸರು ಬೀಗದ ಪಾರ್ಟಿಶನ್ನುಗಳ ಪಟ್ಟಿಯಾದ ಕ್ರಿಪ್ಟ್‌ಟ್ಯಾಬ್ ಕಡತದಲ್ಲಿರುವ ಹೆಸರೇ ಆಗಿರಬೇಕು. ಬಾಯಿಗೆ ಬಂದ ಹೆಸರು ಕೊಟ್ಟರೆ ಗಂಟು ಕಟ್ಟುವ ಸಾಧನಕ್ಕೆ ಇದು ಯಾವ ಪಾರ್ಟಿಶನ್ ಎಂದು ತಿಳಿಯದೆ, ಕೀಲಿಯ ಸಾಮಾನನ್ನೇ ಬಿಟ್ಟು ಗಂಟು ಕಟ್ಟುತ್ತದೆ. ಎಲ್ಲ ಸರಿಯಾಗಿ ಮಾಡಿಯೂ ಏಳಲಿಲ್ಲ ಎನ್ನುವವರಲ್ಲಿ ಅನೇಕರು ಮುಗ್ಗರಿಸುವುದು ಈ ಹೆಸರಿನಲ್ಲಿ.

ಹೆಸರಿನ ಮಾತು ಬಂದದ್ದರಿಂದ ಯುಯುಐಡಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಡಿಸ್ಕುಗಳಿಗೆ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರು ಯಂತ್ರ ಕಂಡ ಕ್ರಮದಲ್ಲಿ ಬರುತ್ತದೆ. ಇನ್ನೊಂದು ಡಿಸ್ಕ್ ಜೋಡಿಸಿದರೆ ಅದಲುಬದಲಾಗಬಹುದು. ಆದ್ದರಿಂದ ಪ್ರತಿ ಪಾರ್ಟಿಶನ್ನಿಗೂ ಸಾಮಾನ್ಯವಾಗಿ 32 ಅಂಕಿಗಳ ಒಂದು ಗುರುತು ಇರುತ್ತದೆ, ಅದೇ ಯುಯುಐಡಿ. ಎನ್‌ಕ್ರಿಪ್ಟ್ ಮಾಡಿದ ಕಡೆ ಇಂಥ ಗುರುತು ಎರಡಿರುತ್ತವೆ: ಹೊರಗಿನ ಲಕ್ಸ್ ಪೆಟ್ಟಿಗೆಯದು ಒಂದು, ಅದನ್ನು ತೆಗೆದ ಮೇಲೆ ಒಳಗಿನ ಫೈಲ್ ಸಿಸ್ಟಂನದು ಇನ್ನೊಂದು. ಕ್ರಿಪ್ಟ್‌ಟ್ಯಾಬ್‌ಗೆ ಬೇಕಾದ್ದು ಹೊರಗಿನದು, ಮೌಂಟ್ ಮಾಡಬೇಕಾದವುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ಗೆ ಬೇಕಾದ್ದು ಒಳಗಿನದು. ಹಳೆಯ ಡಿಸ್ಕಿನಿಂದ ಹೊಸ ಎಸ್‌ಎಸ್‌ಡಿಗೆ ಎಲ್ಲವನ್ನೂ ಸಾಗಿಸಿದವರು ಇವೆರಡನ್ನೂ ಒಂದರ ಪಕ್ಕ ಒಂದು ಇಟ್ಟುಕೊಂಡು ಅಕ್ಷರ ಅಕ್ಷರ ತಾಳೆ ನೋಡಬೇಕು.

ಇನ್ನು ಪಾಸ್‌ವರ್ಡ್ ಕೇಳುತ್ತದೆ, ಕೊಟ್ಟರೆ ಒಪ್ಪುವುದಿಲ್ಲ ಎಂಬ ಪರಿಸ್ಥಿತಿ. ಮನುಷ್ಯನ ಧೈರ್ಯ ಪೂರ್ತಿ ಕುಸಿಯುವುದು ಇಲ್ಲಿ. ತನ್ನ ನೆನಪಿನ ಮೇಲೆಯೇ ಅನುಮಾನ ಶುರುವಾಗುತ್ತದೆ. ನೆನಪನ್ನು ಬೈಯುವ ಮುಂಚೆ ಕೀಬೋರ್ಡನ್ನು ನೋಡಿ. ಬೂಟ್ ಹೊತ್ತಿನಲ್ಲಿ ಕೀಬೋರ್ಡಿನ ವಿನ್ಯಾಸ ಡೆಸ್ಕ್‌ಟಾಪಿನಲ್ಲಿದ್ದ ವಿನ್ಯಾಸವೇ ಆಗಿರಬೇಕೆಂದಿಲ್ಲ. ಗ್ರಬ್ ಅಂತೂ ಸಾಮಾನ್ಯವಾಗಿ ಅಮೆರಿಕದ ವಿನ್ಯಾಸವನ್ನೇ ಹಿಡಿಯುತ್ತದೆ. ಅಮೆರಿಕದ ಕೀಬೋರ್ಡಿನಲ್ಲಿ ಶಿಫ್ಟ್ ಜೊತೆ 2 ಒತ್ತಿದರೆ ಅಟ್ ಚಿಹ್ನೆ. ಬ್ರಿಟನ್ನಿನದರಲ್ಲಿ ಉದ್ಧರಣ ಚಿಹ್ನೆ. ಜರ್ಮನಿಯ ಕೀಬೋರ್ಡಿನಲ್ಲಿ ವೈ ಮತ್ತು ಜೆಡ್ ಅದಲುಬದಲು. ಅಲ್ಲಿ ಕೆಲಸಕ್ಕೆ ಹೋಗಿರುವ ನಮ್ಮವರಿಗೆ ಇದು ದೊಡ್ಡ ತಲೆನೋವು. ಕನ್ನಡವನ್ನು ರೋಮನ್ ಅಕ್ಷರದಲ್ಲಿ ಬರೆದರೆ ವಿಜಯ, ಉದಯ, ಯಶೋದ ಎಲ್ಲದರಲ್ಲೂ ವೈ ಇದೆಯಲ್ಲ! ಕನ್ನಡ ಲಿಪಿಯಲ್ಲೇ ಪಾಸ್‌ವರ್ಡ್ ಇಟ್ಟುಕೊಳ್ಳುವ ಆಸೆ ನನಗೂ ಉಂಟು. ಲಕ್ಸ್‌ನದೇನೂ ತಕರಾರಿಲ್ಲ; ಆದರೆ ಬೂಟ್ ಹೊತ್ತಿನಲ್ಲಿ ಕನ್ನಡ ಮೂಡಿಸುವ ಏರ್ಪಾಡು ಅಲ್ಲಿರುವುದಿಲ್ಲ. ಆದ್ದರಿಂದ ನಾಲ್ಕೈದು ಕನ್ನಡ ಪದಗಳ, ಮನೆಯವರಿಗಷ್ಟೇ ಅರ್ಥವಾಗುವ ಒಂದು ವಾಕ್ಯವನ್ನು ರೋಮನ್ ಅಕ್ಷರದಲ್ಲಿ, ವಿಶೇಷ ಚಿಹ್ನೆಗಳ ಗೋಜಿಲ್ಲದೆ ಇಟ್ಟುಕೊಳ್ಳುವುದು ಒಳ್ಳೆಯದು. ಪ್ರಸಿದ್ಧವಾದ ಗಾದೆ ಬೇಡ. ಅದು ಊಹಿಸುವವನ ಪಟ್ಟಿಯಲ್ಲೂ ಇರುತ್ತದೆ.

ಜಗುಲಿಯ ಮಾತಿಗೆ ಮರಳಿದರೆ, ಅಲ್ಲಿಗೆ ಅಪರಿಚಿತರು ಬಂದ ಕಥೆಗಳೂ ಇವೆ. ಸ್ಪೇನಿನ ಹೆಕ್ಟರ್ ಮಾರ್ಕೊ ಮತ್ತು ಇಸ್ಮಾಯೆಲ್ ರಿಪೋಲ್ ಎಂಬ ಸಂಶೋಧಕರು 2015ರಲ್ಲಿ ಒಂದು ದೋಷ ತೋರಿಸಿದರು: ಗ್ರಬ್ ಬಳಕೆದಾರರ ಹೆಸರು ಕೇಳುವಾಗ ಬ್ಯಾಕ್‌ಸ್ಪೇಸನ್ನು 28 ಸಲ ಒತ್ತಿದರೆ ಅದು ಹೆಸರಿಗೂ ಕಾಯದೆ ರೆಸ್ಕ್ಯೂ ಶೆಲ್ ಕೊಟ್ಟುಬಿಡುತ್ತಿತ್ತು. ಮರುವರ್ಷ ಇನ್ನೊಂದು ತೋರಿಸಿದರು: ಲಕ್ಸ್ ಪಾಸ್‌ವರ್ಡ್ ಕೇಳುವ ಕಡೆ ಎಂಟರ್ ಕೀಲಿಯನ್ನು ಸುಮಾರು 70 ಸೆಕೆಂಡು ಒತ್ತಿ ಹಿಡಿದರೆ ಇನಿಟ್‌ರಾಮ್‌ಎಫ್‌ಎಸ್‌ನ ಶೆಲ್, ಅದೂ ರೂಟ್ ಅಧಿಕಾರದ ಶೆಲ್, ಸಿಗುತ್ತಿತ್ತು. ಎರಡನ್ನೂ ಬೇಗ ಸರಿಪಡಿಸಿದರು. ಆದರೆ ಎರಡನೆಯದರಲ್ಲಿ ಗಮನಿಸಬೇಕಾದ್ದೇನೆಂದರೆ, ಅಷ್ಟು ಅಧಿಕಾರ ಸಿಕ್ಕಿದರೂ ಡಿಸ್ಕಿನ ಬೀಗ ತೆರೆಯಲಿಲ್ಲ. ರೂಟ್ ಎಂದರೆ ಆ ಯಂತ್ರದ ಸರ್ವಾಧಿಕಾರಿ. ಅವನ ಮಾತೂ ನಡೆಯಲಿಲ್ಲ. ಕೀಲಿ ಇಲ್ಲ ಎಂದರೆ ಇಲ್ಲ.

ಹಾಗೆಂದು ಜಗುಲಿಯನ್ನು ಅಲಕ್ಷಿಸುವಂತಿಲ್ಲ. ಪೋಲೆಂಡಿನ ಜೊವಾನ್ನಾ ರುಟ್‌ಕೊವ್ಸ್ಕಾ 2009ರಲ್ಲಿ ಎಚ್ಚರಿಸಿದ್ದು ಇದನ್ನೇ: ಹೋಟೆಲ್ ಕೋಣೆಯಲ್ಲಿ ಬಿಟ್ಟು ಹೋದ ಲ್ಯಾಪ್‌ಟಾಪಿನ ಬೂಟ್ ಭಾಗವನ್ನು ಯಾರಾದರೂ ಬದಲಾಯಿಸಿಟ್ಟರೆ, ಮಾಲೀಕರು ಬಂದು ಒತ್ತುವ ಪಾಸ್‌ವರ್ಡನ್ನು ಅದು ಕದ್ದಿಟ್ಟುಕೊಳ್ಳಬಹುದು. ಇದಕ್ಕೆ ಕೆಲವರು ಬೂಟನ್ನೂ ಬೀಗದೊಳಗೆ ಹಾಕಿ ಪಾಸ್‌ವರ್ಡ್ ಕೇಳುವ ಹೊಣೆಯನ್ನು ಗ್ರಬ್‌ಗೆ ಬಿಡುತ್ತಾರೆ. ಆದರೆ ಗ್ರಬ್‌ಗೆ ಲಕ್ಸ್‌ನ ಎರಡನೆಯ ಆವೃತ್ತಿ ತಿಳಿಯತೊಡಗಿದ್ದು 2021ರ 2.06ರಲ್ಲಿ, ಅದೂ ಪಿಬಿಕೆಡಿಎಫ್2 ಎಂಬ ಹಳೆಯ ವಿಧಾನದ ಕೀಲಿ ಇದ್ದರೆ ಮಾತ್ರ. ಆರ್ಗಾನ್2 ಇದ್ದರೆ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಆ ಆವೃತ್ತಿಗೆ ತೆರೆಯಲು ಬರುತ್ತಿರಲಿಲ್ಲ. ಇನ್ನು ಕೆಲವರು ಟಿಪಿಎಂ ಚಿಪ್ಪಿಗೆ ಕೀಲಿ ಒಪ್ಪಿಸುತ್ತಾರೆ. ಯಂತ್ರದ ಸ್ಥಿತಿ ಮೊದಲಿನಂತೆಯೇ ಇದ್ದರೆ ಚಿಪ್ಪು ತಾನೇ ಬಾಗಿಲು ತೆಗೆಯುತ್ತದೆ. ಬಯಾಸ್ ಅಪ್‌ಡೇಟ್ ಆದರೆ, ಸೆಕ್ಯೂರ್ ಬೂಟ್ ಬದಲಾದರೆ, ಕೀಲಿ ಕೊಡಲು ಅದು ಒಪ್ಪದೆ ಹೋಗಬಹುದು. ಹಾಗಾದಾಗ ಹಳೆಯ ಪಾಸ್‌ವರ್ಡ್ ಕೇಳುತ್ತದೆ. ಟಿಪಿಎಂ ಇದೆಯಲ್ಲ ಎಂದು ಪಾಸ್‌ವರ್ಡಿನ ಸ್ಥಾನವನ್ನೇ ಅಳಿಸಿದ್ದವರಿಗೆ ಆ ಹೊತ್ತಿನಲ್ಲಿ ಬೇರೆ ದಾರಿ ಇರುವುದಿಲ್ಲ.

ಇಷ್ಟು ಹೊತ್ತು ‘ಒಳಗಿನದು ಸುರಕ್ಷಿತ’ ಎಂದು ಧೈರ್ಯ ಹೇಳಿದ್ದೇನೆ. ಧೈರ್ಯ ಹೇಳಲಾಗದ ಜಾಗ ಒಂದಿದೆ, ಅದು ಹೆಡರ್. ಲಕ್ಸ್‌ನ ಎರಡನೆಯ ಆವೃತ್ತಿಯಲ್ಲಿ ಅದು ಸಾಮಾನ್ಯವಾಗಿ 16 ಎಂಬಿ. ಒಂದು ಟಿಬಿ ಡಿಸ್ಕಿನ ಬದುಕೆಲ್ಲ ಆ 16 ಎಂಬಿಯ ಮೇಲೆ ನಿಂತಿದೆ. ಮೂಲ ಕೀಲಿಯನ್ನು ಅಲ್ಲಿ ನೆಟ್ಟಗೆ ಬರೆದಿಟ್ಟಿರುವುದಿಲ್ಲ. 4000 ಪಾಲು ಮಾಡಿ, ಒಂದು ಪಾಲು ಕೆಟ್ಟರೂ ಕೀಲಿ ಮರಳಿ ಸಿಗದಂತೆ ಹರಡಿರುತ್ತಾರೆ. ಬೇಡವಾದ ಕೀಲಿಯನ್ನು ಅಳಿಸಿದಾಗ ಅದರ ಗುರುತೂ ಉಳಿಯಬಾರದೆಂದು ಮಾಡಿದ ಜಾಣತನ ಇದು. ಅದೇ ಜಾಣತನದಿಂದಾಗಿ, ಇನ್‌ಸ್ಟಾಲರ್ ತಪ್ಪು ಪಾರ್ಟಿಶನ್ನಿನ ಮೇಲೆ ಒಂದು ಕ್ಷಣ ಬರೆದರೂ ಆ ಕೀಲಿ ಶಾಶ್ವತವಾಗಿ ಹೋಗಬಹುದು. ಆಗಲೂ ಯಂತ್ರ ಹೇಳುವುದು ಈ ಪಾಸ್‌ವರ್ಡಿಗೆ ಕೀಲಿ ಇಲ್ಲ ಎಂದೇ. ತಪ್ಪಾದದ್ದು ಪಾಸ್‌ವರ್ಡೋ, ಹಾಳಾದದ್ದು ಕೀಲಿಯೋ ಎಂದು ಬಿಡಿಸಿ ಹೇಳುವುದಿಲ್ಲ. ಏಳದ ಯಂತ್ರದ ಮುಂದೆ ಮೊದಲ ಕರ್ತವ್ಯ ಏನನ್ನೂ ಬರೆಯದಿರುವುದು ಎಂದು ನಾನು ಹಟ ಹಿಡಿದು ಹೇಳುವುದು ಇದಕ್ಕೇ. ಓದಿ ನೋಡಿದರೆ ಏನೂ ಕೆಡುವುದಿಲ್ಲ. ಬರೆದರೆ ಕೆಡಬಹುದು.

ವಶೀಲಿ ನಡೆಯದ ಬೀಗ ನಿರ್ದಯಿ ಅಲ್ಲವೆ ಎಂದು ಕೇಳಿದವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮಾಲೀಕನ ಕಣ್ಣೀರಿಗೆ ಕರಗಿ ತೆರೆಯುವ ಬೀಗ ಕಳ್ಳನ ಕಣ್ಣೀರಿಗೂ ತೆರೆದೀತು. ಕಂಪನಿಯ ಬಳಿ ಗುಟ್ಟಾಗಿ ಇನ್ನೊಂದು ಕೀಲಿ ಇದ್ದರೆ, ಕಂಪನಿಯನ್ನು ಹೆದರಿಸಬಲ್ಲವರಿಗೂ ಅದು ಸಿಗುತ್ತದೆ. ಊರಿನ ಗಟ್ಟಿಗ ಬಂದು ನಿಂತರೂ ಹಳ್ಳಿಯ ಹೆಂಗಸು ನಂಬಿ ಹೇಳಿದ ಮಾತು ಹೊರಬರಬಾರದು ಎಂದಾದರೆ ಬೀಗ ಹೀಗೇ ಇರಬೇಕು, ಎಲ್ಲರಿಗೂ ಒಂದೇ ನ್ಯಾಯ. ಆದರೆ ಅಂಥ ನ್ಯಾಯ ಬೇಕೆಂದವರು ಅದರ ಹೊಣೆಯನ್ನೂ ಹೊರಬೇಕು. ಕೀಲಿ ಕಾಯುವವರು ನಾವೇ, ನಮ್ಮ ಬದಲು ಇನ್ನೊಬ್ಬರಿಲ್ಲ.

ಆ ಹೊಣೆ ನಮ್ಮ ಆಯುಷ್ಯವನ್ನೂ ಮೀರಿದ್ದು. ಮನೆಯ ಯಜಮಾನರು ಹೋದ ಮೇಲೆ ಅವರ ಲ್ಯಾಪ್‌ಟಾಪಿನ ಮುಂದೆ ಮನೆಯವರು ಕೈಕಟ್ಟಿ ಕೂತದ್ದನ್ನು ನೋಡಿದ್ದೇನೆ. ವಿಮೆಯ ಕಾಗದ, ಮೊಮ್ಮಗುವಿನ ನಾಮಕರಣದ ವಿಡಿಯೊ ಎಲ್ಲ ಒಳಗೆ. ಪಾಸ್‌ವರ್ಡ್ ಅವರ ಜೊತೆಗೇ ಹೋಯಿತು. ಅಂಥ ಕಡೆ ನಾನು ಮಾಡುವಂಥದ್ದು ಏನೂ ಇರುವುದಿಲ್ಲ, ಸುಮ್ಮನೆ ಎದ್ದು ಬರಬೇಕಾಗುತ್ತದೆ. ಲಕ್ಸ್‌ನಲ್ಲಿ ಅಷ್ಟೊಂದು ಸ್ಥಾನಗಳಿರುವುದು ಯಾತಕ್ಕೆ? ಒಂದರಲ್ಲಿ ನಿಮ್ಮ ಪಾಸ್‌ವರ್ಡ್ ಇರಲಿ. ಇನ್ನೊಂದರಲ್ಲಿ ಬೇರೆಯದೇ ಒಂದು ಉದ್ದನೆಯ ಪಾಸ್‌ವರ್ಡ್ ಹಾಕಿ, ಕಾಗದದಲ್ಲಿ ಬರೆದು ಲಕೋಟೆಗೆ ಹಾಕಿ, ಮನೆಯ ಪತ್ರಗಳ ಜೊತೆ ಬೀರುವಿನಲ್ಲಿಟ್ಟು, ಹೆಂಡತಿಗೋ ಗಂಡನಿಗೋ ಮಗಳಿಗೋ ತಿಳಿಸಿಡಿ. ಲಕೋಟೆ ಯಾರದೋ ಕೈಗೆ ಹೋಯಿತೆಂದು ಅನುಮಾನ ಬಂದರೆ ಆ ಒಂದು ಸ್ಥಾನವನ್ನು ಅಳಿಸಿದರಾಯಿತು, ನಿಮ್ಮ ಪಾಸ್‌ವರ್ಡ್ ಹಾಗೇ ಉಳಿಯುತ್ತದೆ.

ಎನ್‌ಕ್ರಿಪ್ಟ್ ಮಾಡಿದ ಡಿಸ್ಕ್ ಇದ್ದವರು ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಕ್ರಿಪ್ಟ್‌ಸೆಟಪ್‌ನ ಲಕ್ಸ್‌ಹೆಡರ್‌ಬ್ಯಾಕಪ್ ಆದೇಶದಿಂದ ಹೆಡರಿನ ಪ್ರತಿ ತೆಗೆದು ಆ ಯಂತ್ರದ ಹೊರಗೆ, ಕ್ಷೇಮವಾದ ಕಡೆ ಇಡಿ. ಮುಂದೆ ಪಾಸ್‌ವರ್ಡ್ ಬದಲಾಯಿಸಿದರೂ ಹಳೆಯ ಪ್ರತಿಗೆ ಹಳೆಯ ಪಾಸ್‌ವರ್ಡ್ ನಡೆಯುತ್ತದೆ, ಆದ್ದರಿಂದ ಹೊಸ ಪ್ರತಿ ತೆಗೆದಾಗ ಹಳೆಯದನ್ನು ನಾಶ ಮಾಡಿ. ಎರಡನೆಯ ಸ್ಥಾನದಲ್ಲಿ ಎರಡನೆಯ ಪಾಸ್‌ವರ್ಡ್ ಹಾಕಿ. ಒಂದು ಲೈವ್ ಪೆನ್‌ಡ್ರೈವ್ ಮಾಡಿ, ಅದರಿಂದ ಯಂತ್ರ ಏಳುತ್ತದೆಯೇ, ಡಿಸ್ಕ್ ತೆರೆಯುತ್ತದೆಯೇ ಎಂದು ಒಂದು ಸಲ ತೆರೆದು ನೋಡಿ. ಬೂಟ್ ಪಾರ್ಟಿಶನ್ನಿನಲ್ಲಿ ಎಷ್ಟು ಜಾಗ ಉಳಿದಿದೆ ನೋಡಿ. ಇವ್ಯಾವುವೂ ಕಡತಗಳ ಬ್ಯಾಕಪ್‌ಗೆ ಬದಲಿಯಲ್ಲ. ಡಿಸ್ಕ್ ನಿಜಕ್ಕೂ ಸತ್ತರೆ ಕೈ ಹಿಡಿಯುವುದು ಬ್ಯಾಕಪ್ ಒಂದೇ. ಯಂತ್ರ ನೆಟ್ಟಗೆ ಏಳುತ್ತಿರುವಾಗ ಇದಕ್ಕೆಲ್ಲ ಒಂದು ಗಂಟೆ ಸಾಕು. ಇಷ್ಟು ಮಾಡಿಟ್ಟವರು ಯಂತ್ರ ಏಳದ ದಿನವೂ ಮೊದಲು ಒಂದು ಲೋಟ ಕಾಫಿ ಕುಡಿದು, ಆಮೇಲೆ ಕೊನೆಯ ಸಾಲು ಓದಲು ಕೂರಬಹುದು.